ತೊಳೆದರೂ ಹೋಗದ್ದು, ಕುದಿಸಿದರೂ ಸಾಯದ್ದು

ಪ್ರಶ್ನೆ: ಹಣ್ಣು, ತರಕಾರಿಯನ್ನು ಉಪ್ಪುನೀರಿನಲ್ಲಿ ನೆನೆಸಿ, ಚೆನ್ನಾಗಿ ತೊಳೆದೇ ಬಳಸುತ್ತೇನೆ. ಕೊಳವೆಬಾವಿಯ ನೀರನ್ನು ಕುದಿಸಿ, ಆರಿಸಿ ಕುಡಿಯುತ್ತೇವೆ. ಆದರೂ ಸೀಸ, ಆರ್ಸೆನಿಕ್, ಪಾದರಸ, ಕೀಟನಾಶಕ ಎಲ್ಲ ಊಟದ ಜೊತೆ ಮೈ ಸೇರುತ್ತವೆ ಎಂದು ಓದುತ್ತಲೇ ಇರುತ್ತೇನೆ. ಮನೆಯಲ್ಲಿ ಎರಡು ವರ್ಷದ ಮಗು ಇದೆ. ಈಗ ನಾನು ಮತ್ತೆ ಗರ್ಭಿಣಿ. ಇವು ನಮ್ಮೊಳಗೆ ಬರುವುದಾದರೂ ಹೇಗೆ? ನಾನು ಮಾಡುತ್ತಿರುವುದು ಸಾಲದೇ?

ಉತ್ತರ: ನೀವು ಮಾಡುತ್ತಿರುವುದು ಒಳ್ಳೆಯ ಕೆಲಸ. ದಯವಿಟ್ಟು ಬಿಡಬೇಡಿ. ಆದರೆ ಅದು ರೋಗಾಣುಗಳನ್ನು ತಡೆಯುವ ಕೆಲಸ. ರೋಗಾಣು ಒಂದು ಜೀವ. ಬಿಸಿ ತಾಗಿದರೆ ಸಾಯುತ್ತದೆ, ನೀರು ಸುರಿದರೆ ಒಂದಷ್ಟು ಕೊಚ್ಚಿಕೊಂಡು ಹೋಗುತ್ತದೆ. ಸೀಸ, ಆರ್ಸೆನಿಕ್, ಪಾದರಸ ಮೂಲವಸ್ತುಗಳು. ಅವಕ್ಕೆ ಸಾವಿಲ್ಲ. ನೀರಿನಲ್ಲಿ ಆರ್ಸೆನಿಕ್ ಇದ್ದರೆ, ಕುದಿಸಿದಾಗ ನೀರಷ್ಟೇ ಆವಿಯಾಗುತ್ತದೆ, ಆರ್ಸೆನಿಕ್ ಪಾತ್ರೆಯಲ್ಲೇ ಉಳಿಯುತ್ತದೆ. ಅಂದರೆ ಕುದಿಸಿದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ನನ್ನನ್ನು ಕೇಳುವ ಜಾಸ್ತಿ ಜನರಿಗೆ ಈ ಒಂದು ವ್ಯತ್ಯಾಸ ಯಾರೂ ಹೇಳಿರುವುದಿಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

1971ರ ಕೊನೆಯಲ್ಲಿ ಇರಾಕಿನಲ್ಲಿ ನಡೆದದ್ದನ್ನು ಕೇಳಿ. ಬರದಿಂದ ಬೆಳೆ ಕೈಕೊಟ್ಟಿತ್ತು. ಸರ್ಕಾರ ಹೊರದೇಶದಿಂದ ಗೋಧಿ, ಬಾರ್ಲಿಯ ಬಿತ್ತನೆ ಬೀಜ ತರಿಸಿ ರೈತರಿಗೆ ಹಂಚಿತು. ಬೀಜಕ್ಕೆ ಬೂಸ್ಟು ಹಿಡಿಯದಂತೆ ಮೀಥೈಲ್ ಪಾದರಸದ, ಅಂದರೆ ಪಾದರಸದ ಒಂದು ವಿಷಕಾರಿ ರೂಪದ, ಲೇಪ ಕೊಟ್ಟಿದ್ದರು. ಇದು ತಿನ್ನುವ ಕಾಳಲ್ಲ ಎಂದು ಗೊತ್ತಾಗಲಿ ಅಂತ ಕೆಂಪು ಬಣ್ಣವನ್ನೂ ಬೆರೆಸಿದ್ದರು. ಚೀಲದ ಮೇಲೆ ಎಚ್ಚರಿಕೆಯೂ ಇತ್ತು. ಆದರೆ ಅದು ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಭಾಷೆಯಲ್ಲಿತ್ತು, ಅಲ್ಲಿನ ರೈತರು ಓದುವ ಭಾಷೆಯಲ್ಲಲ್ಲ. ಎಷ್ಟೋ ಕಡೆ ಬೀಜ ಕೈಗೆ ಸಿಗುವ ಹೊತ್ತಿಗೆ ಬಿತ್ತನೆ ಮುಗಿದಿತ್ತು. ಜನ ಕಾಳನ್ನು ತೊಳೆದರು. ಕೆಂಪು ಬಣ್ಣ ಹೋಯಿತು. ಬಣ್ಣದ ಜೊತೆ ವಿಷವೂ ಹೋಯಿತು ಎಂದುಕೊಂಡರು. ಕೆಲವರು ಇನ್ನೂ ಹುಷಾರಾಗಿ, ಮೊದಲು ಕೋಳಿಗೆ ಹಾಕಿ ಕೆಲವು ದಿನ ಕಾದು ನೋಡಿದರು. ಕೋಳಿಗೆ ಏನೂ ಆಗಲಿಲ್ಲ. ಬೀಸಿ ರೊಟ್ಟಿ ಮಾಡಿ ತಿಂದರು. ವಾರಗಳು ಕಳೆದ ಮೇಲೆ ಕೈಕಾಲು ಜೋಮು ಹಿಡಿಯಿತು, ನಡಿಗೆ ತಪ್ಪಿತು, ಕಣ್ಣು ಮಂಜಾಯಿತು. 6,530 ಜನ ಆಸ್ಪತ್ರೆ ಸೇರಿದರು. ಅವರಲ್ಲಿ 459 ಜನ ಅಲ್ಲೇ ತೀರಿಕೊಂಡರು.

ಅವರು ದಡ್ಡರಾಗಿರಲಿಲ್ಲ. ತೊಳೆದರು, ಪರೀಕ್ಷೆ ಮಾಡಿ ನೋಡಿದರು. ನಾವೆಲ್ಲ ಮಾಡುವುದೂ ಅದನ್ನೇ ಅಲ್ವಾ? ಆದರೆ ಬಣ್ಣ ಮೇಲಿತ್ತು, ಪಾದರಸ ಕಾಳಿಗೆ ಹಿಡಿದಿತ್ತು. ಅದರ ಪರಿಣಾಮವೂ ಅದೇ ದಿನ ಕಾಣುವಂಥದ್ದಲ್ಲ. ರುಚಿ, ವಾಸನೆ, ಬಣ್ಣ, ತಕ್ಷಣದ ವಾಂತಿ ಭೇದಿ. ಕೆಟ್ಟ ಆಹಾರವನ್ನು ನಾವು ಗುರುತಿಸುವುದು ಇವುಗಳಿಂದ. ರಾಸಾಯನಿಕ ಮಾಲಿನ್ಯ ಈ ಯಾವ ಸುಳಿವನ್ನೂ ಕೊಡದೆ ಬರಬಹುದು. ಅದಕ್ಕೇ ನಾನು ಯಾವುದೇ ರಾಸಾಯನಿಕದ ಬಗ್ಗೆ ಮೊದಲು ಕೇಳುವುದು ಅದು ಎಷ್ಟು ವಿಷ ಎಂದಲ್ಲ. ಅದು ಯಾವ ದಾರಿಯಲ್ಲಿ ಬರುತ್ತದೆ, ಬಂದ ಮೇಲೆ ಎಷ್ಟು ದಿನ ಉಳಿಯುತ್ತದೆ ಎಂದು. ದಾರಿ ಗೊತ್ತಾದರೆ ಎಲ್ಲಿ ತಡೆಯಬಹುದು ಎನ್ನುವುದೂ ಗೊತ್ತಾಗುತ್ತದೆ.

ನಿಮ್ಮದು ಕೊಳವೆಬಾವಿ ನೀರು ಎಂದಿದ್ದೀರಿ. ಹಾಗಾಗಿ ನೆಲದ ದಾರಿಯನ್ನು ಮೊದಲು ಹೇಳುತ್ತೇನೆ. 1970ರ ದಶಕದಲ್ಲಿ ಬಾಂಗ್ಲಾದೇಶದಲ್ಲಿ ಕೆರೆ, ಹೊಳೆಗಳ ನೀರು ಕುಡಿದು ಮಕ್ಕಳು ಭೇದಿಯಿಂದ ಸಾಯುತ್ತಿದ್ದರು. ಅದನ್ನು ತಪ್ಪಿಸಲು ಯುನಿಸೆಫ್ ನೆರವಿನಿಂದ ಕೊಳವೆಬಾವಿ ಕೊರೆಸಿದರು. ಆಮೇಲೆ ಜನ ತಾವೇ ಕೊರೆಸಿಕೊಂಡರು, ಲಕ್ಷಗಟ್ಟಲೆ. ನೀರು ತಿಳಿಯಾಗಿತ್ತು, ರೋಗಾಣು ಇರಲಿಲ್ಲ. ಆರ್ಸೆನಿಕ್ ಇದೆಯೇ ಎಂದು ಮಾತ್ರ ಯಾರೂ ನೋಡಿರಲಿಲ್ಲ. ಹಿಮಾಲಯದಿಂದ ನದಿಗಳು ಸಾವಿರಾರು ವರ್ಷ ಹೊತ್ತು ತಂದ ಮಣ್ಣಿನಲ್ಲಿ ಅದು ಕಬ್ಬಿಣದ ತುಕ್ಕಿಗೆ ಅಂಟಿಕೊಂಡು ಕೂತಿತ್ತು. ಆಳದಲ್ಲಿ ಆಮ್ಲಜನಕ ಇಲ್ಲದ ಕಡೆ ಆ ತುಕ್ಕು ಕರಗುತ್ತದೆ, ಆರ್ಸೆನಿಕ್ ನೀರಿಗೆ ಬಿಡುಗಡೆಯಾಗುತ್ತದೆ. ಯಾವ ಕಾರ್ಖಾನೆಯೂ ಇದನ್ನು ಸುರಿದದ್ದಲ್ಲ, ಅಲ್ಲಿನ ನೆಲದಲ್ಲೇ ಇದ್ದದ್ದು. ವರ್ಷಗಳ ನಂತರ ಜನರ ಅಂಗೈ, ಅಂಗಾಲಿನಲ್ಲಿ ಗಂಟು, ಚರ್ಮದ ಮೇಲೆ ಕಲೆ ಕಾಣಿಸಿದವು. ಆಮೇಲೆ ಕ್ಯಾನ್ಸರ್. ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ 2000ನೇ ಇಸವಿಯಲ್ಲಿ ಬಂದ ಲೇಖನವೊಂದು ಇದನ್ನು ಇತಿಹಾಸದಲ್ಲೇ ಅತಿ ದೊಡ್ಡ ಸಾಮೂಹಿಕ ವಿಷಪ್ರಾಶನ ಎಂದು ಕರೆಯಿತು. ಕೊನೆಗೆ ಬಾವಿಗಳನ್ನು ಒಂದೊಂದಾಗಿ ಪರೀಕ್ಷಿಸಿ, ಕುಡಿಯಬಾರದ್ದಕ್ಕೆ ಕೆಂಪು, ಕುಡಿಯಬಹುದಾದದ್ದಕ್ಕೆ ಹಸಿರು ಬಣ್ಣ ಬಳಿದರು. ಎಷ್ಟೋ ಸಲ ಅಕ್ಕಪಕ್ಕದ ಎರಡು ಬಾವಿಗಳಲ್ಲಿ ಒಂದು ಕೆಂಪು, ಒಂದು ಹಸಿರು. ಪಕ್ಕದ ಮನೆಯ ನೀರಿನ ವರದಿ ನೋಡಿ ನಿಮ್ಮದನ್ನು ಊಹಿಸಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಭತ್ತದ ಗದ್ದೆಯಲ್ಲೂ ನಡೆಯುವುದು ಇದೇ. ಗದ್ದೆಯಲ್ಲಿ ನೀರು ನಿಂತಿರುತ್ತದೆ, ಮಣ್ಣಿಗೆ ಗಾಳಿ ಸಿಗುವುದಿಲ್ಲ, ತುಕ್ಕಿಗೆ ಅಂಟಿದ್ದ ಆರ್ಸೆನಿಕ್ ಸಡಿಲವಾಗುತ್ತದೆ. ಭತ್ತದ ಬೇರಿಗೆ ಸಿಲಿಕಾನ್ ಬೇಕು. ಆರ್ಸೆನಿಕ್‌ನ ಒಂದು ರೂಪ ಸಿಲಿಕಾನ್‌ನ ಹಾಗೆಯೇ ಕಾಣುವುದರಿಂದ ಅದೇ ಬಾಗಿಲಲ್ಲಿ ಒಳಗೆ ಬಿಟ್ಟುಕೊಳ್ಳುತ್ತದೆ. ಹಾಗಾಗಿ ಬೇರೆ ಧಾನ್ಯಗಳಿಗಿಂತ ಅಕ್ಕಿಯಲ್ಲಿ ಇದು ಜಾಸ್ತಿ. ತೌಡಿನ ಪದರದಲ್ಲಿ ಹೆಚ್ಚಿರುವುದರಿಂದ ಪಾಲಿಶ್ ಮಾಡದ ಅಕ್ಕಿಯಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಒಂದು ಅಳತೆ ಅಕ್ಕಿಗೆ ಆರು ಅಳತೆ ನೀರಿಟ್ಟು ಬೇಯಿಸಿ, ಗಂಜಿ ಬಸಿದರೆ ಒಳ್ಳೆಯ ಪಾಲು ಹೊರಗೆ ಹೋಗುತ್ತದೆ. ಜೊತೆಗೆ ಕೆಲವು ಬಿ ವಿಟಮಿನ್‌ಗಳೂ ಹೋಗುತ್ತವೆ, ಅದು ನಷ್ಟವೇ. ಆದರೆ ಒಂದು ಷರತ್ತಿದೆ. ಬೇಯಿಸುವ ನೀರಿನಲ್ಲೇ ಆರ್ಸೆನಿಕ್ ಇದ್ದರೆ ಅನ್ನ ಅದನ್ನು ಹೀರಿಕೊಳ್ಳುತ್ತದೆ. ಮತ್ತೆ ನೀರಿನ ಮಾತಿಗೇ ಬರಬೇಕಾಗುತ್ತದೆ.

ಗಿಡ ತನಗೆ ಬೇಕಾದದ್ದು ಎಂದು ತಪ್ಪಾಗಿ ತಿಳಿದು ವಿಷವನ್ನು ಒಳಗೆ ಬಿಟ್ಟುಕೊಳ್ಳುತ್ತದೆ ಎಂದೆನಲ್ಲ, ನಮ್ಮ ಮೈಯೂ ಹಾಗೇ. ಸೀಸ ಕ್ಯಾಲ್ಸಿಯಂನಂತೆ ನಟಿಸುತ್ತದೆ. ಕ್ಯಾಡ್ಮಿಯಂ ಎಂಬ ಇನ್ನೊಂದು ವಿಷ ಲೋಹ ಕರುಳಿನಲ್ಲಿ ಕಬ್ಬಿಣದ ದಾರಿ ಹಿಡಿಯುತ್ತದೆ. ರಕ್ತದಲ್ಲಿ ಕಬ್ಬಿಣ ಕಡಿಮೆ ಇದ್ದಾಗ ಕರುಳು ಕಬ್ಬಿಣಕ್ಕಾಗಿ ಬಾಗಿಲನ್ನು ಇನ್ನಷ್ಟು ತೆರೆಯುತ್ತದೆ, ಆಗ ಇವೂ ಹೆಚ್ಚು ನುಗ್ಗುತ್ತವೆ. ಗರ್ಭಿಣಿಗೆ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಕೊಡುವುದರಿಂದ ಈ ಲಾಭವೂ ಇದೆ. ಡಾಕ್ಟರು ಬರೆದುಕೊಟ್ಟಿದ್ದರೆ ಸುಮ್ನೆ ಡಬ್ಬಿಯಲ್ಲಿಡಬೇಡಿ, ತಪ್ಪದೆ ತೆಗೆದುಕೊಳ್ಳಿ.

ಈಗ ನೀರಿನಿಂದ ಮೀನಿಗೆ, ಮೀನಿನಿಂದ ಮನುಷ್ಯರಿಗೆ ಹೋಗುವ ದಾರಿ. ಜಪಾನಿನ ಮಿನಮಾಟಾ ಕೊಲ್ಲಿಗೆ ಒಂದು ರಾಸಾಯನಿಕ ಕಾರ್ಖಾನೆ ಪಾದರಸ ಬೆರೆತ ಕೊಳಚೆ ನೀರು ಬಿಡುತ್ತಿತ್ತು. ಸಮುದ್ರ ದೊಡ್ಡದು, ಅಲ್ಲಿ ಕರಗಿ ತೆಳುವಾಗಿಬಿಡುತ್ತದೆ ಎನ್ನುವುದು ಆಗಿನ ನಂಬಿಕೆ. ಆದದ್ದು ತದ್ವಿರುದ್ಧ. ಅತಿ ಸಣ್ಣ ಜೀವಿಗಳು ಮೀಥೈಲ್ ಪಾದರಸವನ್ನು ಹೀರಿಕೊಂಡವು. ಅಂಥ ಸಾವಿರಾರು ಜೀವಿಗಳನ್ನು ಒಂದು ಸಣ್ಣ ಮೀನು ತಿಂದಿತು. ಅಂಥ ನೂರಾರು ಮೀನುಗಳನ್ನು ಒಂದು ದೊಡ್ಡ ಮೀನು ತಿಂದಿತು. ತಿಂದದ್ದರಲ್ಲಿ ಉಳಿದದ್ದೆಲ್ಲ ಮೈಯಲ್ಲಿ ಖರ್ಚಾಯಿತು, ಪಾದರಸ ಮಾತ್ರ ಕೂಡುತ್ತಾ ಹೋಯಿತು. ಒಂದೊಂದು ಮೆಟ್ಟಿಲಿಗೂ ಹಲವು ಪಟ್ಟು. ಮೊದಲು ಬೆಕ್ಕುಗಳು ಸೆಳೆತ ಬಂದು ಬಿದ್ದು ಸತ್ತವು. ಆಮೇಲೆ ಮೀನುಗಾರರ ಮನೆಗಳ ಮಕ್ಕಳು. 1956ರ ಮೇ 1ರಂದು ಈ ಕಾಯಿಲೆ ಅಧಿಕೃತವಾಗಿ ದಾಖಲಾಯಿತು. ಆದರೆ ಆ ಕೊಳಚೆ ಪೂರ್ತಿ ನಿಂತದ್ದು 1968ರಲ್ಲಿ. ಹನ್ನೆರಡು ವರ್ಷ! ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಂಕಟವಾಗುತ್ತದೆ. ಆ ವರ್ಷಗಳಲ್ಲಿ ಹುಟ್ಟಿದ ಮಕ್ಕಳಲ್ಲಿ ಕೆಲವರಿಗೆ ಮೆದುಳಿನ ತೀವ್ರ ತೊಂದರೆ ಇತ್ತು. ಅವರ ತಾಯಂದಿರಲ್ಲಿ ಎಷ್ಟೋ ಜನ ನೋಡಲು ಆರೋಗ್ಯವಾಗಿಯೇ ಇದ್ದರು. ಮಾಸು ಮಗುವನ್ನು ವಿಷದಿಂದ ಕಾಯುತ್ತದೆ ಎಂದು ವೈದ್ಯರೂ ನಂಬಿದ್ದ ಕಾಲ ಅದು. ಮೀಥೈಲ್ ಪಾದರಸ ಆ ಗೋಡೆಯನ್ನು ಸಲೀಸಾಗಿ ದಾಟುತ್ತದೆ.

ಇದನ್ನು ಓದಿ ಮೀನು ಬಿಡಬೇಕೇ ಎಂದು ಕೇಳಬಹುದು. ಮೀನು ತಿನ್ನುವವರಾದರೆ ಬಿಡಬೇಡಿ. ಮಗುವಿನ ಮೆದುಳಿಗೆ ಬೇಕಾದ ಕೊಬ್ಬು ಅದರಲ್ಲಿದೆ. ಬಿಡಬೇಕಾದದ್ದು ಸರಪಳಿಯ ತುದಿಯಲ್ಲಿರುವ, ಬಹಳ ವರ್ಷ ಬದುಕುವ ದೊಡ್ಡ ಬೇಟೆ ಮೀನುಗಳನ್ನು. ಶಾರ್ಕ್, ಸ್ವೋರ್ಡ್‌ಫಿಶ್ ಅಂಥವು. ಚಿಕ್ಕ ಮೀನುಗಳಲ್ಲಿ ಪಾದರಸ ಬಹಳ ಕಡಿಮೆ. ಮೀನಿನ ಕೊಬ್ಬು, ಚರ್ಮ ತೆಗೆದರೆ ಪಾದರಸ ಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ. ಇಲ್ಲ. ಮೀಥೈಲ್ ಪಾದರಸ ಪ್ರೋಟೀನ್‌ಗೆ ಅಂಟುವುದರಿಂದ ಅದು ಇರುವುದು ಮಾಂಸದಲ್ಲಿ.

ಕೊಬ್ಬಿನಲ್ಲಿ ಕೂರುವ ಗುಂಪೇ ಬೇರೆ. ಕೀಟನಾಶಕ ಡಿಡಿಟಿ, ಕಸ ಸುಟ್ಟಾಗ ಹುಟ್ಟುವ ಡಯಾಕ್ಸಿನ್, ಹಿಂದೆ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಬಳಸುತ್ತಿದ್ದ ಪಿಸಿಬಿ. ಇವು ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತವೆ. ಮೂತ್ರದಲ್ಲಿ ಹೊರಗೆ ಹೋಗಬೇಕಾದರೆ ನೀರಿನಲ್ಲಿ ಕರಗಬೇಕು. ಹಾಗಾಗಿ ವರ್ಷಗಟ್ಟಲೆ ಒಳಗೇ ಉಳಿಯುತ್ತವೆ. ಮಾಂಸದ ಕೊಬ್ಬು ಕತ್ತರಿಸಿ ತೆಗೆಯುವುದರಿಂದ ಪ್ರಯೋಜನ ಇರುವುದು ಇವುಗಳ ವಿಷಯದಲ್ಲಿ. ಇವು ಎಷ್ಟು ದೂರ ಹೋಗುತ್ತವೆ ಎನ್ನುವುದು 1980ರ ದಶಕದಲ್ಲಿ ಕೆನಡಾದಲ್ಲಿ ಗೊತ್ತಾಯಿತು. ಕಾರ್ಖಾನೆಗಳಿಂದ ದೂರದ ಜನರ ಎದೆಹಾಲು ಸ್ವಚ್ಛವಾಗಿರುತ್ತದೆ, ಹೋಲಿಕೆಗೆ ಆಗುತ್ತದೆ ಎಂದು ಉತ್ತರ ಧ್ರುವದ ಹತ್ತಿರದ ಇನ್ಯುಟ್ ತಾಯಂದಿರ ಹಾಲನ್ನು ಪರೀಕ್ಷಿಸಿದರು. ದಕ್ಷಿಣ ಕೆನಡಾದ ತಾಯಂದಿರಿಗಿಂತ ಅವರ ಹಾಲಿನಲ್ಲೇ ಪಿಸಿಬಿ ಹಲವು ಪಟ್ಟು ಹೆಚ್ಚಿತ್ತು. ಬಿಸಿ ಪ್ರದೇಶದಲ್ಲಿ ಆವಿಯಾಗಿ, ತಂಪಾದ ಕಡೆ ಇಳಿದು, ಮತ್ತೆ ಆವಿಯಾಗಿ, ಹೀಗೆ ಜಿಗಿದು ಜಿಗಿದು ಇವು ಧ್ರುವ ಸೇರುತ್ತವೆ. ಅಲ್ಲಿ ಸೀಲ್, ತಿಮಿಂಗಿಲಗಳ ಕೊಬ್ಬು ಸೇರುತ್ತವೆ. ಆ ಜನರ ಊಟ ಅದೇ. ತಾವು ಒಂದು ಹನಿಯನ್ನೂ ಬಳಸದ ವಸ್ತುವಿನ ಭಾರವನ್ನು ಅವರು ಹೊತ್ತರು.

ಎದೆಹಾಲಿನ ಮಾತು ಬಂತು ಎಂದು ಗಾಬರಿಯಾಗಬೇಡಿ. ಹಾಲುಣಿಸುವುದರ ಲಾಭ ಇಂಥ ಅಪಾಯಕ್ಕಿಂತ ಬಹಳ ದೊಡ್ಡದು. ಮೊದಲ ಆರು ತಿಂಗಳು ಬರೀ ಎದೆಹಾಲು ಎನ್ನುವ ಸಲಹೆ ಇವತ್ತಿಗೂ ಹಾಗೇ ಇದೆ. ಇನ್ನೊಂದು ಸಮಾಧಾನದ ವಿಷಯ, 2001ರಲ್ಲಿ ಒಪ್ಪಿಗೆಯಾದ ಸ್ಟಾಕ್‌ಹೋಮ್ ಒಪ್ಪಂದದಡಿ ಇಂಥ ಹಲವು ವಸ್ತುಗಳನ್ನು ನಿಷೇಧಿಸಿದರು ಅಥವಾ ಅವುಗಳ ಬಳಕೆಯನ್ನು ಕಟ್ಟುನಿಟ್ಟಾಗಿ ಕಡಿಮೆ ಮಾಡಿದರು. ಹಳೆಯ ಪಿಸಿಬಿ, ಡಿಡಿಟಿಯ ಪ್ರಮಾಣ ತಾಯಂದಿರ ಹಾಲಿನಲ್ಲಿ ಇಳಿಯುತ್ತಾ ಬಂದಿದೆ.

ನಿಮ್ಮ ಎರಡು ವರ್ಷದ ಮಗುವಿನ ವಿಷಯದಲ್ಲಿ ನನಗೆ ಹೆಚ್ಚು ಚಿಂತೆ ಸೀಸದ್ದು. ಇದು ಬರೀ ಊಟದ ದಾರಿಯಲ್ಲಿ ಬರುವುದಿಲ್ಲ, ದೂಳಿನ ದಾರಿಯಲ್ಲಿ ಬರುತ್ತದೆ. 1920ರ ದಶಕದಿಂದ ಪೆಟ್ರೋಲಿಗೆ ಸೀಸ ಬೆರೆಸಿದರು. ಅದನ್ನು ಮಾರುತ್ತಿದ್ದ ಕೊನೆಯ ದೇಶ ಅಲ್ಜೀರಿಯಾ ನಿಲ್ಲಿಸಿದ್ದು 2021ರಲ್ಲಿ. ಅಷ್ಟು ವರ್ಷ ಹೊಗೆಯಲ್ಲಿ ಬಂದ ಸೀಸ ರಸ್ತೆ ಬದಿಯ ಮಣ್ಣಿನಲ್ಲಿ ಇನ್ನೂ ಇದೆ. ಹಳೆಯ ಬಣ್ಣದ ಚಕ್ಕೆಯಲ್ಲಿದೆ. ಬ್ಯಾಟರಿ ಒಡೆದು ಕರಗಿಸುವ ಜಾಗದ ಸುತ್ತ ಇದೆ. ಮಗು ನೆಲದ ಮೇಲೆ ಅಂಬೆಗಾಲಿಡುತ್ತದೆ, ಕೈ ಬಾಯಿಗೆ ಹಾಕುತ್ತದೆ. ದೊಡ್ಡವರ ಹೊಟ್ಟೆಗೆ ಹೋದ ಸೀಸದಲ್ಲಿ ಸುಮಾರು ಹತ್ತನೇ ಒಂದು ಪಾಲು ರಕ್ತ ಸೇರಿದರೆ, ಚಿಕ್ಕ ಮಕ್ಕಳಲ್ಲಿ ಅರ್ಧದಷ್ಟು ಸೇರಬಹುದು. ಇಷ್ಟಾದರೆ ಪರವಾಗಿಲ್ಲ ಎನ್ನುವ ಮಟ್ಟವೇ ಸೀಸಕ್ಕೆ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೂಳೆ ಸೇರಿದ ಸೀಸ ದಶಕಗಳ ಕಾಲ ಅಲ್ಲೇ ಇರುತ್ತದೆ. ಬಸಿರಿನಲ್ಲಿ ಮಗುವಿಗಾಗಿ ತಾಯಿಯ ಮೂಳೆಯಿಂದ ಕ್ಯಾಲ್ಸಿಯಂ ಇಳಿಯುವಾಗ ಹಳೆಯ ಸೀಸವೂ ಜೊತೆಗೆ ಇಳಿಯುತ್ತದೆ.

ಹಾಗಾಗಿ ಒಣ ಪೊರಕೆಯಲ್ಲಿ ಗುಡಿಸಿ ದೂಳೆಬ್ಬಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಚಪ್ಪಲಿ ಹೊರಗೇ ಬಿಡಿ. ಊಟಕ್ಕೆ ಮೊದಲು, ಮಲಗುವ ಮೊದಲು ಮಗುವಿನ ಕೈ ತೊಳೆಸಿ. ನಿಮ್ಮ ತೊಳೆಯುವ ಅಭ್ಯಾಸ ರಾಸಾಯನಿಕದ ವಿರುದ್ಧ ನಿಜವಾಗಿ ಗೆಲ್ಲುವ ಜಾಗ ಇದು. ಹಳೆಯ ಬಣ್ಣ ಕೆರೆಸುವ ಕೆಲಸ ಇದ್ದರೆ ಬಾಣಂತನ ಮುಗಿದು ಮಕ್ಕಳು ದೊಡ್ಡವರಾಗುವವರೆಗೆ ಮುಂದೂಡಿ, ಇಲ್ಲವೇ ಆ ದಿನಗಳಲ್ಲಿ ಮಕ್ಕಳ ಜೊತೆ ಬೇರೆ ಕಡೆ ಇರಿ.

ಬೇಕೆಂದೇ ಬೆರೆಸುವ ಸೀಸವೂ ಇದೆ. ಬಾಂಗ್ಲಾದೇಶದಲ್ಲಿ ಗರ್ಭಿಣಿಯರ ರಕ್ತದಲ್ಲಿ ಸೀಸ ಹೆಚ್ಚಿರುವುದು ಕಂಡು ಸಂಶೋಧಕರು ಮೂಲ ಹುಡುಕಿದರು. ಅದು ಅರಿಸಿನಪುಡಿ. ಹಳದಿ ಹೊಳೆಯಲಿ ಎಂದು ಅದಕ್ಕೆ ಲೆಡ್ ಕ್ರೋಮೇಟ್ ಎನ್ನುವ ಬಣ್ಣ ಬೆರೆಸುತ್ತಿದ್ದರು. 2019ರಲ್ಲಿ ವಿಷಯ ಹೊರಬಂದ ಮೇಲೆ ಅಲ್ಲಿನ ಸರ್ಕಾರ ಮಾರುಕಟ್ಟೆಗೆ ಇಳಿಯಿತು, ವ್ಯಾಪಾರಿಗಳಿಗೆ ತಿಳಿಹೇಳಿತು, ದಂಡ ಹಾಕಿತು. 2019ರಲ್ಲಿ ಮಾರುಕಟ್ಟೆಯ ಅರಿಸಿನದ ಮಾದರಿಗಳಲ್ಲಿ 47 ಪ್ರತಿಶತದಲ್ಲಿ ಸೀಸ ಸಿಕ್ಕಿತ್ತು. 2021ರಲ್ಲಿ ಒಂದರಲ್ಲೂ ಸಿಗಲಿಲ್ಲ. ಎಷ್ಟೋ ತಾಯಂದಿರು ತಮ್ಮ ಅಡುಗೆಮನೆಯಲ್ಲಿ ಏನು ಮಾಡಿದರೂ ಆಗದ ಕೆಲಸ ಎರಡು ವರ್ಷದಲ್ಲಿ ಆಯಿತು. ನಿಮ್ಮ ಪತ್ರದಲ್ಲಿ ಎಲ್ಲ ಹೊಣೆಯನ್ನೂ ನೀವೊಬ್ಬರೇ ಹೊತ್ತುಕೊಂಡಂತೆ ಕಾಣುತ್ತದೆ. ಅಷ್ಟು ಹೊರಬೇಡಿ. ಇದರಲ್ಲಿ ದೊಡ್ಡ ಪಾಲು ಕಾನೂನು ಮಾಡುವವರದು, ತಯಾರಿಸುವವರದು.

ಇನ್ನು ಕೀಟನಾಶಕ. ಕೆಲವು ಎಲೆ, ಸಿಪ್ಪೆಯ ಮೇಲೆಯೇ ಉಳಿಯುತ್ತವೆ. ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆದರೆ ಒಂದಷ್ಟು ಹೋಗುತ್ತದೆ, ಸಿಪ್ಪೆ ತೆಗೆದರೆ ಇನ್ನಷ್ಟು. ಕೆಲವನ್ನು ಬೇರು, ಎಲೆಗಳು ಹೀರಿಕೊಂಡು ಗಿಡದ ರಸದಲ್ಲಿ ಹರಿಸುತ್ತವೆ. ಇಮಿಡಾಕ್ಲೋಪ್ರಿಡ್ ಅಂಥದ್ದು. ಇವು ತಿರುಳಿನಲ್ಲೇ ಇರುತ್ತವೆ. ಉಪ್ಪುನೀರು ಮುಟ್ಟುವುದು ಮೇಲ್ಮೈಯನ್ನು ಮಾತ್ರ. ಸೋಪು ಹಾಕಿ ತೊಳೆಯುವವರೂ ಇದ್ದಾರೆ, ಅದು ಬೇಡವೇ ಬೇಡ, ಹಣ್ಣು ಸೋಪನ್ನೇ ಹೀರುತ್ತದೆ. ಸಿಂಪಡಿಸಿದ ಮೇಲೆ ಕೊಯ್ಲಿಗೆ ಇಷ್ಟು ದಿನ ಕಾಯಬೇಕು ಎನ್ನುವ ನಿಯಮ ಪ್ರತಿ ಔಷಧಿಗೂ ಇರುತ್ತದೆ. ಆ ದಿನಗಳಲ್ಲಿ ಔಷಧಿ ಒಡೆದು ಇಳಿದುಹೋಗುತ್ತದೆ. ಬೆಳೆಗಾರರು ಅಷ್ಟು ದಿನ ಕಾದರೆ ನಿಮ್ಮ ಉಪ್ಪುನೀರಿಗಿಂತ ಎಷ್ಟೋ ಪಾಲು ಒಳ್ಳೆಯದಾಗುತ್ತದೆ. ಏನೇ ಆದರೂ ಕೀಟನಾಶಕದ ಭಯಕ್ಕೆ ಹಣ್ಣು, ತರಕಾರಿ ಕಡಿಮೆ ಮಾಡಬೇಡಿ. ಬೇರೆ ಬೇರೆ ತರಕಾರಿಯನ್ನು ಬದಲಿಸಿ ಬದಲಿಸಿ ತಿಂದರೆ ಒಂದೇ ವಸ್ತು ಪದೇ ಪದೇ ಹೊಟ್ಟೆಗೆ ಹೋಗುವುದು ತಪ್ಪುತ್ತದೆ.

ಒಲೆಯ ಮೇಲೆ ಹುಟ್ಟುವ ರಾಸಾಯನಿಕವೂ ಇದೆ. ಇದು ಗೊತ್ತಾದ ಕಥೆ ವಿಚಿತ್ರವಾಗಿದೆ. 1997ರಲ್ಲಿ ಸ್ವೀಡನ್ನಿನ ಹಾಲಾಂಡ್ಸೋಸ್ ಎಂಬಲ್ಲಿ ಸುರಂಗ ಕೊರೆಯುವಾಗ ನೀರು ಸೋರದಂತೆ ತುಂಬಿದ ಅಂಟಿನಿಂದ ಅಕ್ರಿಲಮೈಡ್ ಎಂಬ ವಿಷಕಾರಿ ರಾಸಾಯನಿಕ ಹಳ್ಳಕ್ಕೆ ಸೇರಿತು. ಮೀನು ಸತ್ತವು, ಹಸುಗಳಿಗೆ ಲಕ್ವ ಹೊಡೆಯಿತು. ಕಾರ್ಮಿಕರ ರಕ್ತ ಪರೀಕ್ಷೆ ಮಾಡಿದರು. ಹೋಲಿಸಿ ನೋಡಲು ಸುರಂಗದ ಗಂಧಗಾಳಿ ಇಲ್ಲದವರ ರಕ್ತವನ್ನೂ ತೆಗೆದುಕೊಂಡರು. ಅವರಲ್ಲೂ ಅಕ್ರಿಲಮೈಡ್‌ನ ಗುರುತು ಸಿಕ್ಕಿತು! ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದವರು 2002ರಲ್ಲಿ ಉತ್ತರ ಹೇಳಿದರು. ಆಲೂಗಡ್ಡೆ, ಧಾನ್ಯದಂಥ ಪಿಷ್ಟದ ಪದಾರ್ಥವನ್ನು 120 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಕರಿದಾಗ, ಸುಟ್ಟಾಗ ಅದು ತಾನಾಗಿ ಹುಟ್ಟುತ್ತದೆ. ನೀರಿನಲ್ಲಿ ಬೇಯಿಸಿದರೆ ಹುಟ್ಟುವುದಿಲ್ಲ. ತಿಳಿ ಹೊಂಬಣ್ಣಕ್ಕೆ ತೆಗೆದರೆ ಕಡಿಮೆ, ಕಂದು ಬಣ್ಣಕ್ಕೆ ಬಂದರೆ ಜಾಸ್ತಿ. ಕರಿಯಲು ಇಟ್ಟ ಆಲೂಗಡ್ಡೆಯನ್ನು ಫ್ರಿಜ್ಜಿನಲ್ಲಿಡಬೇಡಿ. ತಂಪಿನಲ್ಲಿ ಅದರ ಸಕ್ಕರೆ ಏರುತ್ತದೆ, ಕರಿದಾಗ ಅಕ್ರಿಲಮೈಡ್ ಕೂಡ ಏರುತ್ತದೆ.

ಪ್ಲಾಸ್ಟಿಕ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಬಿಸಿ, ಜಿಡ್ಡು, ಹುಳಿ, ಇಟ್ಟಿರುವ ಹೊತ್ತು, ಇವು ಹೆಚ್ಚಾದಷ್ಟೂ ಪಾತ್ರೆಯಿಂದ ಊಟಕ್ಕೆ ಇಳಿಯುವುದೂ ಹೆಚ್ಚು. ಬಿಸಿ ಊಟ ಗಾಜು ಅಥವಾ ಸ್ಟೀಲಿನಲ್ಲಿರಲಿ. ಇನ್ನು, ಬೂಸ್ಟು ಹಿಡಿದ ಕಾಳು, ಬೀಜಗಳಲ್ಲಿ ಕೆಟ್ಟದ್ದನ್ನಷ್ಟೇ ಆರಿಸಿ ತೆಗೆದು ಉಳಿದದ್ದನ್ನು ತಿನ್ನಬೇಡಿ, ಎಸೆಯಿರಿ. ಅದರಲ್ಲಿರಬಹುದಾದ ಅಫ್ಲಟಾಕ್ಸಿನ್ ಎಂಬ ಬೂಸ್ಟಿನ ವಿಷ ಅಡುಗೆಯ ಬಿಸಿಗೆ ಪೂರ್ತಿ ಹೋಗುವುದಿಲ್ಲ. ಹಸುವಿಗೂ ಹಾಕಬೇಡಿ, ಹಾಲಿಗೆ ಬರುತ್ತದೆ.

ನೀವು ಓದುವ ಸುದ್ದಿಗಳಲ್ಲಿ “ಪತ್ತೆಯಾಗಿದೆ” ಎನ್ನುವ ಮಾತು ಬಂದರೆ ಅಲ್ಲಿ ಸ್ವಲ್ಪ ನಿಲ್ಲಿ. ಇಂದಿನ ಯಂತ್ರಗಳು ನೂರು ಕೋಟಿಯಲ್ಲಿ ಒಂದು ಪಾಲನ್ನೂ ಹಿಡಿಯುತ್ತವೆ. ಅದು ಹೆಚ್ಚು ಕಡಿಮೆ 32 ವರ್ಷದಲ್ಲಿ ಒಂದು ಸೆಕೆಂಡು ಇದ್ದ ಹಾಗೆ. ಸಿಕ್ಕಿತು ಎಂದರೆ ಅಪಾಯ ಎಂದಲ್ಲ. ಎಷ್ಟು ಸಿಕ್ಕಿತು, ದಿನವೂ ತಿನ್ನುವ ವಸ್ತುವಿನಲ್ಲೇ, ಮೈಯಲ್ಲಿ ಎಷ್ಟು ದಿನ ಉಳಿಯುವಂಥದ್ದು ಎಂದು ಕೇಳಿ. ಆರ್ಸೆನಿಕ್ ಕುಡಿಯುವುದು ನಿಂತರೆ ಕೆಲವೇ ದಿನಗಳಲ್ಲಿ ಬಹುಪಾಲು ಮೂತ್ರದಲ್ಲಿ ಹೋಗುತ್ತದೆ. ಮೀಥೈಲ್ ಪಾದರಸ ಅರ್ಧಕ್ಕೆ ಇಳಿಯಲು ಸುಮಾರು 50 ದಿನ. ಮೂತ್ರಪಿಂಡ ಸೇರಿದ ಕ್ಯಾಡ್ಮಿಯಂ ಅರ್ಧಕ್ಕೆ ಇಳಿಯಲು ಹತ್ತು ವರ್ಷಕ್ಕೂ ಮೇಲೆ. ಮೂರೂ ಒಂದೇ ಥರ ಹೆದರಬೇಕಾದವಲ್ಲ.

ಆರ್ಸೆನಿಕ್ ಇದ್ದರೂ ಬೇಗ ಹೊರಗೆ ಹೋಗುತ್ತದೆ ಎನ್ನುವುದು ನಿಮ್ಮ ಪಾಲಿಗೆ ಒಳ್ಳೆಯ ಸುದ್ದಿ. ಇವತ್ತು ನೀರು ಬದಲಿಸಿದರೆ ನಾಳೆಯಿಂದಲೇ ಲಾಭ. ಆದ್ದರಿಂದ ಬೇರೆ ಏನು ಮಾಡಿದರೂ ಬಿಟ್ಟರೂ, ಈ ವಾರ ಬಾವಿ ನೀರನ್ನು ಪ್ರಯೋಗಾಲಯಕ್ಕೆ ಕೊಡಿ. ಬರೀ ರೋಗಾಣು ಪರೀಕ್ಷೆ ಸಾಲದು. ಆರ್ಸೆನಿಕ್, ಫ್ಲೋರೈಡ್, ನೈಟ್ರೇಟ್, ಸೀಸ, ಈ ನಾಲ್ಕನ್ನೂ ಹೆಸರು ಹೇಳಿ ಕೇಳಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಒಂದು ಲೀಟರಿಗೆ ಆರ್ಸೆನಿಕ್ 10 ಮೈಕ್ರೋಗ್ರಾಂ, ಫ್ಲೋರೈಡ್ 1.5 ಮಿಲಿಗ್ರಾಂ, ನೈಟ್ರೇಟ್ 50 ಮಿಲಿಗ್ರಾಂ ದಾಟಬಾರದು. ನೈಟ್ರೇಟ್ ವಿಷಯದಲ್ಲಿ ಹುಟ್ಟುವ ಮಗುವನ್ನು ನೆನಪಿಡಿ. ಆರು ತಿಂಗಳೊಳಗಿನ ಕೂಸಿನ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಅದು ಕುಗ್ಗಿಸಬಹುದು, ಕುದಿಸಿದರೆ ನೀರಿನಲ್ಲಿ ಅದರ ಪ್ರಮಾಣವೂ ಏರುತ್ತದೆ. ಫಲಿತಾಂಶ ಬಂದ ಮೇಲೆ ಯಾವ ಫಿಲ್ಟರ್ ಎಂದು ಯೋಚಿಸಿ. ಮೊದಲೇ ಕೊಂಡುಬಿಡಬೇಡಿ. ಫಿಲ್ಟರ್ ಹಾಕಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ.

ನೀರು ಹಿಡಿಯುವಾಗ ಎರಡು ಬಾಟಲಿ ಇಟ್ಟುಕೊಳ್ಳಿ. ಬೆಳಗ್ಗೆ ಎದ್ದ ಕೂಡಲೇ ನಲ್ಲಿಯಿಂದ ಬರುವ ಮೊದಲ ನೀರು ಒಂದಕ್ಕೆ. ಐದು ನಿಮಿಷ ಹರಿಯಲು ಬಿಟ್ಟ ಮೇಲಿನ ನೀರು ಇನ್ನೊಂದಕ್ಕೆ. ಯಾವುದು ಯಾವುದೆಂದು ಚೀಟಿ ಅಂಟಿಸಿ. ಮೊದಲನೆಯದರಲ್ಲಿ ಮಾತ್ರ ಸೀಸ ಇದ್ದರೆ ಅದು ನಿಮ್ಮ ಪೈಪು, ನಲ್ಲಿಯಿಂದ ಬಂದದ್ದು. ಎರಡರಲ್ಲೂ ಆರ್ಸೆನಿಕ್ ಮಿತಿ ದಾಟಿದ್ದರೆ ಅದು ನೆಲದಿಂದ ಬಂದದ್ದು, ಆ ಬಾವಿಯ ನೀರನ್ನು ಕುಡಿಯಲು, ಅಡುಗೆಗೆ ಅಂದಿನಿಂದಲೇ ನಿಲ್ಲಿಸಿ. ಬಟ್ಟೆ ಒಗೆಯಲು, ನೆಲ ಒರೆಸಲು ಬಳಸಬಹುದು.